ನೀರಿನಲ್ಲಿ ಶಬ್ದದ ವೇಗ: ಸಾಂದ್ರತೆಯ ಕಾರಣ ಇನ್ನಾದರೂ ಬಿಡಿ

ಪ್ರಶ್ನೆ: ಗಾಳಿಗಿಂತ ಸಮುದ್ರದ ನೀರಿನಲ್ಲಿ ಶಬ್ದ ಬೇಗ ಹೋಗುವುದೇಕೆ? ನೀರಿನ ಸಾಂದ್ರತೆ ಜಾಸ್ತಿ, ಅದಕ್ಕೇ ಅಲ್ವಾ?

ಅಲ್ಲ. ಎಷ್ಟು ಸಲ ಉತ್ತರ ಕೊಟ್ಟರೂ ಈ ಸಾಂದ್ರತೆ ಮತ್ತೆ ಮತ್ತೆ ವಾಪಸ್ ಬರುತ್ತಿದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿಯೇ ಬರೆಯುತ್ತೇನೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಸಮುದ್ರದ ನೀರಿನಲ್ಲಿ ಸುಮಾರು 1500. ಇದು ನಿಮಗೆಲ್ಲ ಗೊತ್ತು. ಎಡವುವುದು ಕಾರಣ ಹೇಳುವಾಗ.

ಸಾಂದ್ರತೆ ಶಬ್ದದ ವೇಗವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ. ಭಾರ ಜಾಸ್ತಿ ಇದ್ದಷ್ಟೂ ಅಲುಗಲು ಹೊತ್ತು ಹಿಡಿಯುತ್ತದೆ, ಅಷ್ಟೇ. ವೇಗ ಹೆಚ್ಚಿಸುವುದು ಬೇರೆಯೇ ಗುಣ: ಒತ್ತಿದರೂ ಕುಗ್ಗದೆ ಇರುವುದು. ಸ್ಪಂಜನ್ನು ಒಂದು ಕಡೆ ಒತ್ತಿದರೆ ಮೊದಲು ಅಲ್ಲಿಯೇ ಕುಗ್ಗುತ್ತದೆ, ಕಬ್ಬಿಣದ ಸರಳನ್ನು ತಳ್ಳಿದರೆ ಆ ತಳ್ಳು ತಕ್ಷಣ ಇನ್ನೊಂದು ತುದಿಗೆ ಮುಟ್ಟುತ್ತದೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು, ಸರಿ. ಆದರೆ ನೀರನ್ನು ಕುಗ್ಗಿಸುವುದು ಗಾಳಿಯನ್ನು ಕುಗ್ಗಿಸುವುದಕ್ಕಿಂತ ಸುಮಾರು 15,000 ಪಟ್ಟು ಕಷ್ಟ! ಶಬ್ದದ ವೇಗದ ಸೂತ್ರದಂತೆ ಈ 15,000ವನ್ನು 800ರಿಂದ ಭಾಗಿಸಿ, ವರ್ಗಮೂಲ ತೆಗೆದು, 340ರಿಂದ ಗುಣಿಸಿ ನೋಡಿ. 1500ರ ಹತ್ತಿರ ಬಂದು ನಿಲ್ಲುತ್ತದೆ.

ಇನ್ನೂ ನಂಬಿಕೆ ಬರಲಿಲ್ಲವೇ? ಪಾದರಸ ತೆಗೆದುಕೊಳ್ಳಿ. ನೀರಿಗಿಂತ 13 ಪಟ್ಟಿಗೂ ಹೆಚ್ಚು ಸಾಂದ್ರತೆ, ಆದರೂ ಅದರಲ್ಲಿ ಶಬ್ದದ ವೇಗ ಸುಮಾರು 1450 ಮೀಟರ್, ಅಂದರೆ ನೀರಿಗಿಂತ ತುಸು ಕಡಿಮೆಯೇ. ಹೀಲಿಯಂ ಗಾಳಿಗಿಂತ ಎಷ್ಟೋ ಹಗುರ, ಅದರಲ್ಲಿ ಶಬ್ದ ಗಾಳಿಗಿಂತ ಸುಮಾರು ಮೂರು ಪಟ್ಟು ಬೇಗ ಹೋಗುತ್ತದೆ. ಸಮುದ್ರದ್ದೇ ಉದಾಹರಣೆ ಬೇಕೆಂದರೆ, ನೀರು ಬಿಸಿಯಾದಾಗ ಸಾಂದ್ರತೆ ಇಳಿಯುತ್ತದೆ, ಆದರೆ ಶಬ್ದದ ವೇಗ ಡಿಗ್ರಿಗೆ ಸುಮಾರು 3 ಮೀಟರಿನಂತೆ ಏರುತ್ತದೆ.

ಬಿಸಿಯ ಮಾತು ಬಂತಲ್ಲ, ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ತುಂಬಾ ಇಷ್ಟವಾದ ವಿಷಯ ಇದು. ಆಳಕ್ಕೆ ಇಳಿದಂತೆ ನೀರು ತಣ್ಣಗಾಗಿ ಶಬ್ದದ ವೇಗ ತಗ್ಗುತ್ತದೆ. ಇನ್ನೂ ಕೆಳಗೆ ಹೋದರೆ ತಂಪು ಹೆಚ್ಚೇನೂ ಬದಲಾಗುವುದಿಲ್ಲ, ಒತ್ತಡ ಮಾತ್ರ ಏರುತ್ತಲೇ ಇರುತ್ತದೆ, ಅದರ ಜೊತೆ ವೇಗವೂ ಮತ್ತೆ ಏರುತ್ತದೆ. ಹೀಗಾಗಿ ನಡುವೆ ಒಂದು ಪದರದಲ್ಲಿ, ಬಹಳ ಕಡೆ ಸುಮಾರು 1000 ಮೀಟರ್ ಆಳದಲ್ಲಿ, ವೇಗ ಅತಿ ಕಡಿಮೆ. ಶಬ್ದ ಬಾಗುವುದು ವೇಗ ಕಡಿಮೆ ಇರುವ ಕಡೆಗೆ. ಅದಕ್ಕೇ ಅದು ಈ ಪದರ ಬಿಟ್ಟು ಆಚೆ ಹೋಗಲಾರದೆ, ಮೇಲ್ಮೈಗೂ ತಳಕ್ಕೂ ಬಡಿಯದೆ, ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಇದೇ ಸೋಫಾರ್ ಚಾನೆಲ್. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ಸಮುದ್ರದೊಳಗೆ ಮಾಡಿದ ಸ್ಫೋಟದ ಸದ್ದು ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ಸಾಗಿ, ಸುಮಾರು 20,000 ಕಿಲೋಮೀಟರ್ ಆಚೆ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದಲ್ಲಿ ಕೇಳಿಸಿತು.

ಅಷ್ಟು ದೂರ ಹೋಗುವ ಸದ್ದು ಎಷ್ಟು ಹೊತ್ತಿಗೆ ತಲುಪಿತು ಎಂದು ಅಳೆದರೆ, ದಾರಿಯುದ್ದಕ್ಕೂ ನೀರು ಎಷ್ಟು ಬಿಸಿ ಇದೆ ಎಂಬ ಲೆಕ್ಕ ಸಿಗುತ್ತದೆ. ಬೇಗ ಬಂದರೆ ನೀರು ಬಿಸಿಯಾಗಿದೆ ಎಂದರ್ಥ. ಸಾಂದ್ರತೆಯ ವಾದ ಹಿಡಿದವರು ಇದನ್ನು ತಿರುಗಾಮುರುಗಾ ಓದಿ, ಸಮುದ್ರ ತಣ್ಣಗಾಯಿತು ಎಂದುಬಿಡುತ್ತಾರೆ! ಇದನ್ನು ಜಗತ್ತಿನ ಅಳತೆಯಲ್ಲಿ ಮಾಡಬಹುದೇ ಎಂದು ನೋಡಲು ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಅವರ ತಂಡ 1991ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಹರ್ಡ್ ದ್ವೀಪದ ಬಳಿ ಹಡಗು ನಿಲ್ಲಿಸಿ, 57 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 57 ಸಲ ಕಂಪಿಸುವ, ಸದ್ದು ಬಿಟ್ಟಿತು. ಅಲ್ಲಿಂದ ಅಟ್ಲಾಂಟಿಕ್ಕಿಗೂ ಪೆಸಿಫಿಕ್ಕಿಗೂ ನೀರಿನಲ್ಲೇ ದಾರಿ ಇದೆ. ಅಮೆರಿಕದ ಎರಡೂ ಕರಾವಳಿಗಳಲ್ಲಿ ಆ ಸದ್ದು ಕೇಳಿಸಿತು.