ಜಾವಾ ಮಾಸ್ ತಿಂಗಳೊಳಗೆ ಕಂದಾಗುವುದೇಕೆ? ಸುಲಭದ ಚಿಕ್ಕ ಅಕ್ವೇರಿಯಂ ಹೀಗೆ ಕಟ್ಟಿ

ಪ್ರಶ್ನೆ: ಮನೆಯಲ್ಲಿ ಚಿಕ್ಕದೊಂದು ಅಕ್ವೇರಿಯಂ ಇಡುವ ಆಸೆ, ಆದರೆ ದಿನಾ ನೋಡಿಕೊಳ್ಳಲು ಪುರಸೊತ್ತಿಲ್ಲ. ಗಿಡ ಅಂತ ಜಾವಾ ಮಾಸ್ (ನೀರಿನಡಿ ಬೆಳೆಯುವ ಒಂದು ಬಗೆಯ ಹಾವಸೆ) ಒಂದಿದ್ದರೆ ಸಾಕು ಅನ್ನುತ್ತಾರೆ. ತಂದು ಹಾಕಿದರೆ ತಿಂಗಳೊಳಗೆ ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಯಾಕೆ?

ಉತ್ತರ: ಮಾಸ್ ಒಂದೇ ನಿಜಕ್ಕೂ ಸಾಕು. ಅದಕ್ಕೆ ಬೇರಿಲ್ಲ, ಬೇಕಾದ್ದನ್ನೆಲ್ಲ ಎಲೆಗಳ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ದುಬಾರಿ ಮಣ್ಣು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಯಾವುದೂ ಬೇಡ. ಬಹಳ ಸಲ ಅದು ಕೆಡುವುದು ಅತಿ ಉಪಚಾರದಿಂದ: ಜಾಸ್ತಿ ಬೆಳಕು, ದಪ್ಪ ಕಟ್ಟು, ಮೊದಲ ವಾರದಲ್ಲೇ ಮೀನು.

ಟ್ಯಾಂಕ್ ತೀರಾ ಚಿಕ್ಕದು ಬೇಡ. ಗುಂಡು ಬೌಲ್‌ನಲ್ಲಿ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. 45×30×30 ಸೆಂ.ಮೀ. ಗಾಜಿನ ಟ್ಯಾಂಕ್ ತೆಗೆದುಕೊಳ್ಳಿ, ಸುಮಾರು 35 ಲೀಟರ್ ನೀರು ಹಿಡಿಯುತ್ತದೆ. ಜಲ್ಲಿ, ಗಾಜು ಸೇರಿ ತೂಕ 40 ಕೆ.ಜಿ. ದಾಟುವುದರಿಂದ ಗಟ್ಟಿ ಸ್ಟ್ಯಾಂಡ್ ಮೇಲೆ, ಕಿಟಕಿಯ ಬಿಸಿಲು ನೇರ ಬೀಳದ ಕಡೆ ಇಡಿ. ತಳಕ್ಕೆ ಚೆನ್ನಾಗಿ ತೊಳೆದ ಸಣ್ಣ ಜಲ್ಲಿ 5–6 ಕೆ.ಜಿ. ಸಾಕು. ಬಿಳಿ ಕಲ್ಲಿನ ಚೂರುಗಳನ್ನು ಹಾಕುವ ಮುನ್ನ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ನೀರಿನ ಗಡಸು ಏರಿಸುತ್ತಲೇ ಇರುತ್ತದೆ.

ಫಿಲ್ಟರ್‌ಗೆ ಏರ್ ಪಂಪ್‌ನಿಂದ ನಡೆಯುವ ಸ್ಪಂಜ್ ಫಿಲ್ಟರ್ ಬೇಕಾದಷ್ಟಾಯಿತು. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ. ಬೆಳಕಿಗೆ 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) ಸಾಮಾನ್ಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಸಾಕು, ದಿನಕ್ಕೆ 6 ಗಂಟೆ. ಆನ್-ಆಫ್ ಕೆಲಸವನ್ನು ಟೈಮರ್‌ಗೆ ಬಿಡಿ.

ಇನ್ನು ಮಾಸ್ ಕಟ್ಟುವ ಬಗೆ. ಎಲ್ಲ ನಿಂತಿರುವುದು ಇದರ ಮೇಲೆ. ಡ್ರಿಫ್ಟ್‌ವುಡ್ (ಅಕ್ವೇರಿಯಂಗೆ ಬಳಸುವ ಮರದ ತುಂಡು) ಸಿಗದಿದ್ದರೆ ತೆಂಗಿನ ಕರಟವೂ ಆಗುತ್ತದೆ. ಒಳಗಿನ ಕಾಯಿಯನ್ನೆಲ್ಲ ಕೆರೆದು, ನೀರು ಬದಲಿಸಿ ಎರಡು ಮೂರು ಸಲ ಕುದಿಸಿ. ಅಂಗಡಿಯಿಂದ ತಂದ ಮಾಸನ್ನು ಬಟ್ಟಲಲ್ಲಿ ಜಾಲಾಡಿ, ಕತ್ತರಿಯಿಂದ 2–3 ಸೆಂ.ಮೀ. ತುಂಡು ಮಾಡಿ, ಕೆಳಗಿನ ಕರಟ ಅಲ್ಲಲ್ಲಿ ಕಾಣುವಷ್ಟು ತೆಳ್ಳಗೆ ಹರಡಿ. ಕಡುಹಸಿರು ಪಾಲಿಯೆಸ್ಟರ್ ಹೊಲಿಗೆ ದಾರವನ್ನು ಸೆಂಟಿಮೀಟರ್‌ಗೊಂದರಂತೆ ಸುತ್ತಿ ಗಂಟು ಹಾಕಿ. ಜಾವಾ ಮಾಸಿನ ಹಿಡಿತ ಸಡಿಲ. ಹತ್ತಿ ದಾರ ಕೆಲವೇ ವಾರಗಳಲ್ಲಿ ಕೊಳೆತು, ಕಟ್ಟು ಬಿಚ್ಚಿ ತೇಲುತ್ತದೆ. ಬೊಗಸೆಯಷ್ಟು ಮಾಸನ್ನು ಉಂಡೆ ಮಾಡಿ ಕಟ್ಟಿದರೆ ಒಳಪದರಕ್ಕೆ ಬೆಳಕೂ ಇಲ್ಲ, ನೀರಿನ ಓಟವೂ ಇಲ್ಲ. ಅದು ಒಳಗೇ ಕೊಳೆಯುತ್ತದೆ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಬೆಳೆದದ್ದನ್ನು ಕಿತ್ತು ತಂದು ಹಾಕಬೇಡಿ, ನೆಲದ ಮಾಸ್ ನೀರಿನಡಿ ಹೆಚ್ಚು ಕಾಲ ಬಾಳುವುದಿಲ್ಲ.

ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ತುಂಬಿ. ಬೋರ್‌ವೆಲ್ ನೀರಿನ ಗಡಸನ್ನು ಮಾಸ್ ತಡೆದುಕೊಳ್ಳುತ್ತದೆ, ಆಮೇಲೆ ಟ್ಯಾಂಕಿಗೆ ಬಿಡುವ ಪುಟ್ಟ ಚೆರ್ರಿ ಸೀಗಡಿಯೂ ತಡೆದುಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ ಆರಿಹೋದ ನೀರಿನ ಜಾಗಕ್ಕೆ ಬೋರ್ ನೀರನ್ನೇ ಸುರಿಯುತ್ತಾ ಹೋದರೆ, ಆವಿಯಾದದ್ದು ನೀರು ಮಾತ್ರ, ಲವಣವೆಲ್ಲ ಒಳಗೇ ಉಳಿದು ಗಡಸು ಏರುತ್ತದೆ. ಹಾಗೆ ತುಂಬಿಸಲಿಕ್ಕೆ ಆರ್‌ಒ ನೀರು ಬಳಸಿ.

ಮೊದಲ 4 ವಾರ ಮೀನಿಲ್ಲದೆ ಓಡಿಸಿ. ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು, ಮೀನಿಗೆ ವಿಷವಾದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ 8–10 ಚೆರ್ರಿ ಸೀಗಡಿ ಬಿಡಿ. ಮೀನೇ ಬೇಕೆಂದರೆ 5 ಗಂಡು ಗಪ್ಪಿ. ಸೀಗಡಿಗಳೇ ನಮ್ಮ ಮೊದಲ ಆಯ್ಕೆ: ಮಾಸಿನ ಸಂದಿಯಲ್ಲಿ ಕೂತ ಕಸವನ್ನು ಅವು ಹೆಕ್ಕಿ ತಿನ್ನುತ್ತವೆ, ಮರಿಗಳು ಅಲ್ಲೇ ಅಡಗಿ ಬೆಳೆಯುತ್ತವೆ. ತಾಮ್ರ ಸೀಗಡಿಗೆ ವಿಷ, ಅದಿರುವ ಮೀನಿನ ಔಷಧಿ ಮಾತ್ರ ಆ ಟ್ಯಾಂಕಿನ ಹತ್ತಿರ ಸುಳಿಯಬಾರದು.

ಈಗ ಕಂದು ಬಣ್ಣದ ವಿಚಾರ. ಹೊಸ ನೀರಿಗೆ ಬಂದಾಗ ಹಳೆಯ ಎಲೆ ಕಂದಾಗುವುದು ಸಹಜ. ಎರಡು ಮೂರು ವಾರದಲ್ಲಿ ತುದಿಗಳಲ್ಲಿ ಎಳೆ ಹಸಿರು ಚಿಗುರು ಕಂಡರೆ ಗಾಬರಿ ಬೇಡ, ಎಸೆಯಲೂ ಬೇಡ. ನೀರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೊರಗುತ್ತದೆ. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ಬೀಸುವಂತಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಲಿಕ್ವಿಡ್ ಕಾರ್ಬನ್ ಹೆಸರಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವ ಗ್ಲುಟರಾಲ್ಡಿಹೈಡ್ ಮಾಸನ್ನು ಸುಡಬಲ್ಲದು, ತರಲೇಬೇಡಿ. ಕೂದಲಿನಂಥ ಪಾಚಿ ಸುತ್ತಿಕೊಂಡರೆ ಟೂತ್‌ಬ್ರಷ್‌ಗೆ ಸುರುಳಿ ಸುತ್ತಿ ಎಳೆದು, ಬೆಳಕನ್ನು 4 ಗಂಟೆಗೆ ಇಳಿಸಿ. ಬಿಡಿಸಲಾಗದಷ್ಟು ಹೆಣೆದುಕೊಂಡಿದ್ದರೆ ಶುದ್ಧ ತುದಿಗಳನ್ನಷ್ಟೇ ಕತ್ತರಿಸಿಟ್ಟು ಹೊಸದಾಗಿ ಕಟ್ಟುವುದೇ ಲೇಸು.

ಆಮೇಲೆ ವಾರಕ್ಕೊಮ್ಮೆ 7 ಲೀಟರ್ ನೀರು ಬದಲಿಸಿ. ಸ್ಪಂಜನ್ನು ತಿಂಗಳಿಗೊಮ್ಮೆ, ಟ್ಯಾಂಕಿನಿಂದ ತೆಗೆದ ಅದೇ ನೀರಿನಲ್ಲಿ ಹಿಂಡಿ. ನಲ್ಲಿಯಡಿ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಎರಡು ತಿಂಗಳಿಗೊಮ್ಮೆ ಮಾಸ್ ಕತ್ತರಿಸುವಾಗ ಪಂಪ್ ಆಫ್ ಮಾಡಿ, ತುಣುಕುಗಳನ್ನೆಲ್ಲ ಬಲೆಯಲ್ಲಿ ಹಿಡಿದು ತೆಗೆದ ಮೇಲೆಯೇ ಆನ್ ಮಾಡಿ. ಬಿಟ್ಟ ಒಂದೊಂದು ಚೂರೂ ಜಲ್ಲಿಯಲ್ಲೋ ಸ್ಪಂಜಿನಲ್ಲೋ ಸಿಕ್ಕಿ ಅಲ್ಲೇ ಬೆಳೆಯಲು ಶುರುಮಾಡುತ್ತದೆ.