ಚಂದ್ರನ ಚಿತ್ರ ಇರುವ ಕೀ ಒತ್ತಿದರೆ ಲ್ಯಾಪ್‌ಟಾಪ್ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ, ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ಕೀಬೋರ್ಡಿನಲ್ಲಿ ಅರ್ಧಚಂದ್ರನ ಚಿತ್ರ ಇರುವ ಕೀ ಒಂದಿದೆ. ಕೈ ತಗುಲಿದರೆ ಸಾಕು, ಪರದೆ ಕಪ್ಪಾಗಿ ಮಲಗಿಬಿಡುತ್ತದೆ. ಮೀಟಿಂಗ್ ಅರ್ಧಕ್ಕೆ ಕಟ್. ಇದನ್ನು ಆಫ್ ಮಾಡಬಹುದಾ? ಬೇರೆ ಕೆಲಸಕ್ಕೆ ಹಾಕಿಕೊಳ್ಳಬಹುದಾ?

ಎರಡೂ ಆಗುತ್ತದೆ. ಐದು ನಿಮಿಷದ ಕೆಲಸ, ಹೊಸದಾಗಿ ಏನೂ ಇಳಿಸಿಕೊಳ್ಳಬೇಕಿಲ್ಲ. ಸಿಟ್ಟಿಗೆ ಕೀಯನ್ನೇ ಕಿತ್ತು ಡ್ರಾಯರ್‌ನಲ್ಲಿಟ್ಟವರನ್ನು ನಾನು ನೋಡಿದ್ದೇನೆ, ನೀವು ಅಷ್ಟು ದೂರ ಹೋಗಬೇಡಿ.

ಆ ಕೀ ತಾನಾಗಿ ಲ್ಯಾಪ್‌ಟಾಪನ್ನು ಮಲಗಿಸುವುದಿಲ್ಲ. ಅದು ಕಾಲಿಂಗ್ ಬೆಲ್ ಇದ್ದ ಹಾಗೆ. ಬೆಲ್ ಹೊಡೆಯುತ್ತದೆ, ಬಾಗಿಲು ತೆಗೆಯಬೇಕೋ ಬೇಡವೋ ಅನ್ನುವುದು ಒಳಗಿರುವ ಆಪರೇಟಿಂಗ್ ಸಿಸ್ಟಮ್‌ನ ಇಷ್ಟ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನುವ ಪವರ್ ನಿಯಮಗಳನ್ನು ತಂದ ಮೇಲೆ ಈ ತೀರ್ಮಾನ ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ, ಒಳಗೇ ಅಡಕವಾದ ಪ್ರೋಗ್ರಾಂ) ಕೈಯಿಂದ ಆಪರೇಟಿಂಗ್ ಸಿಸ್ಟಮ್ ಕೈಗೆ ಬಂತು. ಹಾಗಾಗಿ ನಾವು ಬದಲಿಸಬೇಕಾದ್ದೂ ಅಲ್ಲೇ.

ವಿಂಡೋಸ್ ಆದರೆ ಕಂಟ್ರೋಲ್ ಪ್ಯಾನೆಲ್ ತೆಗೆಯಿರಿ. ಹಾರ್ಡ್‌ವೇರ್ ಆಂಡ್ ಸೌಂಡ್, ಅದರೊಳಗೆ ಪವರ್ ಆಪ್ಷನ್ಸ್. ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡು' ಅಂತ ಒಂದು ಲಿಂಕ್ ಇರುತ್ತದೆ. ಒತ್ತಿದರೆ ಪವರ್ ಬಟನ್, ಸ್ಲೀಪ್ ಬಟನ್, ಮುಚ್ಚಳ ಹಾಕಿದಾಗ ಅಂತ ಮೂರು ಸಾಲು ಬರುತ್ತವೆ. ನಿಮಗೆ ಬೇಕಾದ್ದು ನಡುವಿನದು. ಏನೂ ಮಾಡಬೇಡ, ಸ್ಲೀಪ್, ಹೈಬರ್ನೇಟ್ (ಕೆಲಸವನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆರುವುದು), ಬರೀ ಪರದೆ ಆರಿಸು, ಇಷ್ಟರಲ್ಲಿ ಒಂದನ್ನು ಆರಿಸಿ, ಕೆಳಗೆ ಸೇವ್ ಒತ್ತಿ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಇದೇ ಆಯ್ಕೆ ಸೆಟ್ಟಿಂಗ್ಸ್‌ನ ಪವರ್ ಆಂಡ್ ಬ್ಯಾಟರಿ ಪುಟದಲ್ಲೂ ಇದೆ.

ಎಲ್ಲರೂ ಎಡವುವುದು ಇಲ್ಲೇ. ಪ್ರತಿ ಸಾಲಿನಲ್ಲೂ ಎರಡು ಕಾಲಂ ಇವೆ, ಒಂದು ಬ್ಯಾಟರಿಯಲ್ಲಿ ಓಡುವಾಗಿನದು, ಇನ್ನೊಂದು ಚಾರ್ಜರ್ ಹಾಕಿದ್ದಾಗಿನದು. ಒಂದನ್ನು ಬದಲಿಸಿ ಎದ್ದು ಹೋಗುತ್ತೀರಿ. ಕರೆಂಟ್ ಹೋದ ಕ್ಷಣಕ್ಕೆ ಇನ್ನೊಂದು ಕಾಲಂ ಜಾರಿಗೆ ಬರುತ್ತದೆ, ಕೀ ಹಳೇ ಚಾಳಿಗೆ ಮರಳುತ್ತದೆ. 'ಮಾಡಿದ್ದೆ, ಆದರೂ ಆಗ್ತಿಲ್ಲ' ಅಂತ ಬರುವ ದೂರುಗಳಲ್ಲಿ ಜಾಸ್ತಿ ಇದೇ.

ಹಾಗಾದರೆ ಏನು ಆರಿಸಬೇಕು? ನನ್ನ ಅಭಿಪ್ರಾಯ ಕೇಳಿದರೆ, ಚಾರ್ಜರ್ ಕಾಲಂನಲ್ಲಿ 'ಏನೂ ಮಾಡಬೇಡ', ಬ್ಯಾಟರಿ ಕಾಲಂನಲ್ಲಿ ಹೈಬರ್ನೇಟ್. ಬೆಂಗಳೂರಿನವರಿಗೆ ಇದೇ ಸಲಹೆ ಕೊಡುತ್ತಿರಲಿಲ್ಲ. ನಿಮ್ಮ ಕಡೆ ಮಳೆಗಾಲಕ್ಕೆ ಕೊಡುತ್ತಿದ್ದೇನೆ.

ಯಾಕೆ ಅಂದರೆ ನನಗೇ ಬಿದ್ದ ಪೆಟ್ಟಿದು. ನಾನಿರುವುದು ಹಾಸನದಲ್ಲಿ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಮೂಡಿಗೆರೆ ಹತ್ತಿರದ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಮಧ್ಯಾಹ್ನವೇ ಸಿಲ್ವರ್ ಓಕ್ ಮರವೊಂದು ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿತ್ತು, ಲೈನ್‌ಮನ್ ನಾಳೆಯೇ ಬರುವುದು ಅಂತ ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ಕ್ಯಾಂಡಲ್ ಹಿಡಿದುಕೊಂಡು ವಾರದ ಬಟವಾಡೆ ಲೆಕ್ಕ ಓದುತ್ತಿದ್ದರು, ನಾನು ಅವರ ಹಳೇ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್‌ಗೆ ಹಾಕುತ್ತಿದ್ದೆ. ಪರದೆ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಚಂದ್ರನ ಚಿತ್ರ ಕಂಡಿತು, ಮೊಬೈಲ್‌ನಲ್ಲಿ ಇರುತ್ತದಲ್ವಾ, ರಾತ್ರಿಗೆ ಪರದೆ ಮಂಕು ಮಾಡುವುದು, ಅದೇ ಇರಬೇಕು ಅಂತ ಒತ್ತಿದೆ. ಮಲಗಿತು. ಅಷ್ಟು ಹೊತ್ತಿಗೆ ಊಟಕ್ಕೆ ಕರೆದರು, ಅಕ್ಕಿ ರೊಟ್ಟಿ ಬಿಸಿ ಇತ್ತು, ಬೆಳಗ್ಗೆ ನೋಡಿದರಾಯಿತು ಅಂತ ಸುಮ್ನೆ ಮುಚ್ಚಿಟ್ಟೆ. ಬೆಳಗ್ಗೆ ಬ್ಯಾಟರಿ ಸತ್ತಿತ್ತು. ಸೇವ್ ಮಾಡದ ನಲವತ್ತು ಸಾಲು ಹೋಗಿತ್ತು. ಚಿಕ್ಕಪ್ಪ ಏನೂ ಅನ್ನಲಿಲ್ಲ, ಪುಸ್ತಕ ತೆಗೆದು ಮೊದಲಿಂದ ಓದಲು ಶುರು ಮಾಡಿದರು, ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿ ಆಗಿದ್ದು ಇಷ್ಟು. ಸ್ಲೀಪ್‌ನಲ್ಲಿ ನಿಮ್ಮ ಕೆಲಸ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಇರುತ್ತದೆ, ರ‍್ಯಾಮ್‌ಗೆ ಚೂರುಚೂರು ಕರೆಂಟ್ ಹೋಗುತ್ತಲೇ ಇರಬೇಕು. ಹೈಬರ್ನೇಟ್‌ನಲ್ಲಿ ಎಲ್ಲವನ್ನೂ ಡಿಸ್ಕ್‌ಗೆ ಬರೆದು ಲ್ಯಾಪ್‌ಟಾಪ್ ಪೂರ್ತಿ ಆರಿಹೋಗುತ್ತದೆ, ಮೂರು ದಿನ ಕರೆಂಟ್ ಬರದಿದ್ದರೂ ಕೆಲಸ ಬಿಟ್ಟಲ್ಲೇ ಇರುತ್ತದೆ. ಏಳುವುದು ಸ್ವಲ್ಪ ನಿಧಾನ, ಅಷ್ಟೇ. ಬ್ಯಾಟರಿ ತೀರಾ ಕೆಳಗಿಳಿದಾಗ ವಿಂಡೋಸ್ ತಾನೇ ಹೈಬರ್ನೇಟ್ ಆಗಲು ನೋಡುತ್ತದೆ, ನಿಜ. ಆದರೆ ಹಳೇ ಬ್ಯಾಟರಿ 20 ಪರ್ಸೆಂಟ್ ತೋರಿಸುತ್ತಲೇ ಧಪ್ ಅಂತ ಸತ್ತರೆ ಅದಕ್ಕೆ ಸಮಯ ಎಲ್ಲಿ ಸಿಗುತ್ತದೆ?

ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು 'ಪವರ್‌ಸಿಎಫ್‌ಜಿ' ಅಂತ ಸ್ಪೇಸ್ ಇಲ್ಲದೆ ಟೈಪ್ ಮಾಡಿ, ಒಂದು ಸ್ಪೇಸ್, ಆಮೇಲೆ ಸ್ಲ್ಯಾಶ್ ಹಾಕಿ ಹೈಬರ್ನೇಟ್, ಮತ್ತೆ ಸ್ಪೇಸ್, ಆನ್. ಇಂಗ್ಲಿಷಿನಲ್ಲಿ: powercfg /hibernate on. ಎಂಟರ್ ಹೊಡೆದರೆ ಉತ್ತರವೇನೂ ಬರುವುದಿಲ್ಲ. ಬರದಿದ್ದರೆ ಕೆಲಸ ಆಯಿತು ಅಂತಲೇ ಅರ್ಥ. ಇದು ರ‍್ಯಾಮ್ ಗಾತ್ರದ ಸುಮಾರು 40 ಪರ್ಸೆಂಟ್‌ನಷ್ಟು ಜಾಗವನ್ನು ಡಿಸ್ಕ್‌ನಲ್ಲಿ ಹಿಡಿದುಕೊಳ್ಳುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಮೂರು ಜಿಬಿ ಚಿಲ್ಲರೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇವೆಲ್ಲ ಲಾಕ್ ಆಗಿರಬಹುದು, ಐಟಿಯವರಿಗೆ ಒಂದು ಮೇಲ್ ಹಾಕಿ.

ಸ್ಲೀಪ್ ಬಟನ್ ಅನ್ನುವ ಸಾಲೇ ಕಾಣದಿದ್ದರೆ, ನಿಮ್ಮ ಲ್ಯಾಪ್‌ಟಾಪ್ ಆ ಬಟನ್ ಇದೆ ಅಂತ ವಿಂಡೋಸ್‌ಗೆ ಹೇಳಿಯೇ ಇಲ್ಲ. ಆಗ ತಯಾರಕರ ಕೀಬೋರ್ಡ್ ಆ್ಯಪ್‌ನಲ್ಲೋ ಬಯೋಸ್‌ನಲ್ಲೋ ಹುಡುಕಬೇಕು. ಎಫ್‌ಎನ್ ಕೀ ಲಾಕ್ ಆಗಿದೆಯಾ (ಒತ್ತದೆಯೇ ಒತ್ತಿದಂತೆ ಇದೆಯಾ) ಅಂತಲೂ ನೋಡಿ, ಒಂದೇ ಕೀ ತಗುಲಿ ಮಲಗುತ್ತಿದ್ದರೆ ಕಾರಣ ಅದೂ ಇರಬಹುದು.

ಲಿನಕ್ಸ್ ಬಳಸುವವರಿಗೂ ಎರಡು ಮಾತು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆದರೆ ಪವರ್ ಮ್ಯಾನೇಜರ್‌ನ ಜನರಲ್ ಟ್ಯಾಬ್‌ನಲ್ಲಿ ಸ್ಲೀಪ್ ಬಟನ್‌ಗೆ ಪ್ರತ್ಯೇಕ ಸಾಲಿದೆ, 'ಕೇಳಿ ಮಾಡು' ಅನ್ನುವ ಆಯ್ಕೆಯೂ ಇದೆ, ನನಗೆ ಅದೇ ಇಷ್ಟ. ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಪವರ್ ಸೆಟ್ಟಿಂಗ್ಸ್ ತಡಕಾಡಿದರೆ ಸಿಗುವುದಿಲ್ಲ. ಶಾರ್ಟ್‌ಕಟ್ಸ್ ಒಳಗೆ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಸ್ಪೆಂಡ್ ಮುಂದಿರುವ ಸ್ಲೀಪ್ ಕೀಯನ್ನು ತೆಗೆಯಬೇಕು. ಇಂಟರ್‌ನೆಟ್ ನೋಡಿಕೊಂಡು, ಲಾಗಿನ್ ಮತ್ತು ಪವರ್ ಕೀಗಳನ್ನು ಸಂಭಾಳಿಸುವ ಸಿಸ್ಟಮ್‌ಡಿಯ ಲಾಗಿನ್‌ಡಿ ಫೈಲ್‌ನಲ್ಲಿ ಬದಲಿಸಿ, ಏನೂ ಆಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಡೆಸ್ಕ್‌ಟಾಪ್ ಆ ಕೀಯನ್ನು ತನ್ನ ಕೈಗೆ ತೆಗೆದುಕೊಂಡಿದ್ದರೆ ಲಾಗಿನ್‌ಡಿ ಸುಮ್ಮನಿರುತ್ತದೆ. ಹೈಬರ್ನೇಟ್ ಮಾತ್ರ ಉಬುಂಟುನಂಥವುಗಳಲ್ಲಿ ಮೊದಲೇ ಆನ್ ಇರುವುದಿಲ್ಲ, ಸ್ವಾಪ್ ಜಾಗ (ರ‍್ಯಾಮ್‌ನಲ್ಲಿದ್ದದ್ದನ್ನು ಬರೆದಿಡಲು ಡಿಸ್ಕ್‌ನಲ್ಲಿ ಮೀಸಲಿಡುವ ಜಾಗ) ಸಾಕಷ್ಟು ಇಟ್ಟು ನಾವೇ ಮಾಡಿಕೊಳ್ಳಬೇಕು.

ಬದಲಿಸಿದ ಮೇಲೆ ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು ಏನಾದರೂ ಟೈಪ್ ಮಾಡಿ, ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ, ಚಂದ್ರನನ್ನು ಒತ್ತಿ ನೋಡಿ. ಹೈಬರ್ನೇಟ್ ಆದಾಗ ಒಂದು ಲೈಟೂ ಉರಿಯುವುದಿಲ್ಲ, ಕೀಬೋರ್ಡ್ ಕುಟ್ಟಿದರೆ ಏಳುವುದೂ ಇಲ್ಲ. ಪವರ್ ಬಟನ್ ಒಂದು ಸಲ ಮೆಲ್ಲಗೆ ಒತ್ತಿ ಕಾಯಿರಿ. ಅದು ಏಳುತ್ತಿರುವಾಗಲೇ ಗಾಬರಿಯಾಗಿ ಹತ್ತು ಸೆಕೆಂಡು ಅದುಮಿ ಹಿಡಿದರೆ, ಅಷ್ಟು ಕಷ್ಟಪಟ್ಟು ಉಳಿಸಿದ್ದೂ ಹೋಗಬಹುದು.