ಕೈಗಾದ ಕರೆಂಟು ಮತ್ತು ಕೆಟ್ಟ ಕವಾಟದ ಸುಳಿವು

ಧಾರವಾಡ ದಾಟಿ ಬೆಳಗಾವಿ ಕಡೆ ಹೊರಟರೆ ನರೇಂದ್ರ ಸಿಗುತ್ತದೆ. ಕಾಳಿ ನದಿ ದಂಡೆಯ ಕೈಗಾ ಅಣುಸ್ಥಾವರದಿಂದ 400 ಕಿಲೋವೋಲ್ಟ್ ಲೈನು ಘಟ್ಟ ಹತ್ತಿ ಬಂದು ಮುಟ್ಟುವುದು ನರೇಂದ್ರದ ಸಬ್‌ಸ್ಟೇಷನ್ನನ್ನೇ. ಕೈಗಾದ ಕರೆಂಟು ನಮ್ಮ ಭಾಗಕ್ಕೂ ಹರಿಯುತ್ತಿರುವಾಗ, ಅಲ್ಲಿ ಒಂದು ಕವಾಟವೋ ಪೈಪೋ ಕೆಟ್ಟರೆ ಯಾರಿಗೆ, ಎಷ್ಟು ಬೇಗ ಗೊತ್ತಾಗುತ್ತದೆ ಎಂದು ಕೇಳುವ ಹಕ್ಕು ಹುಬ್ಬಳ್ಳಿ-ಧಾರವಾಡದವರಿಗೂ ಇದೆ.

ಸಾವಿರಾರು ಬಿಡಿಭಾಗಗಳಿರುವ ಕಡೆ ಒಂದಲ್ಲ ಒಂದು ಕೆಡುವುದೇ. ಅದು ಕೆಟ್ಟ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟದೇ ಹೋದಾಗಲೇ ದೊಡ್ಡ ಅನಾಹುತಗಳಾಗಿವೆ.

ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ 1979ರ ಮಾರ್ಚ್ 28ರ ನಸುಕಿನಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡಿತು, ಮತ್ತೆ ಮುಚ್ಚಲಿಲ್ಲ. ಕಂಟ್ರೋಲ್ ರೂಮಿನ ಫಲಕದಲ್ಲಿ ಮಾತ್ರ ಅದರ ದೀಪ ಆರಿತ್ತು. ಆ ದೀಪಕ್ಕೆ ಸಂಬಂಧವಿದ್ದದ್ದು ಕವಾಟಕ್ಕೆ ಹೋಗುವ ವಿದ್ಯುತ್ ಆದೇಶದ ಜೊತೆ. ಕವಾಟ ನಿಜಕ್ಕೂ ಮುಚ್ಚಿದೆಯೇ ಎಂಬುದು ಅದಕ್ಕೆ ತಿಳಿಯುವಂತಿರಲಿಲ್ಲ. ನೂರಕ್ಕೂ ಹೆಚ್ಚು ಅಲಾರಂಗಳು ಒಮ್ಮೆಲೇ ಬಡಿದುಕೊಳ್ಳುತ್ತಿದ್ದವು. ನೀರು ಹೆಚ್ಚಾಗಿದೆ ಎಂದು ಭಾವಿಸಿದ ಸಿಬ್ಬಂದಿ ತುರ್ತು ನೀರನ್ನೇ ಕಡಿಮೆ ಮಾಡಿದರು. ಎರಡು ತಾಸಿನ ಮೇಲೆ ಸೋರಿಕೆ ನಿಲ್ಲಿಸುವ ಹೊತ್ತಿಗೆ ಇಂಧನ ಕರಗತೊಡಗಿತ್ತು. ನನಗೆ ಇದಕ್ಕಿಂತ ಸಂಕಟವೆನಿಸುವುದು ಇನ್ನೊಂದು ಸಂಗತಿ: 1977ರ ಸೆಪ್ಟೆಂಬರ್‌ನಲ್ಲೇ, ಅದೇ ಕಂಪನಿಯ ರಿಯಾಕ್ಟರ್ ಇದ್ದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ಕವಾಟ ಹೀಗೇ ತೆರೆದುಕೊಂಡು ನಿಂತಿತ್ತು. ಅಲ್ಲಿಯ ಸಿಬ್ಬಂದಿಗೆ ಬೇಗ ಹೊಳೆಯಿತು. ಆ ಪಾಠ ಥ್ರೀ ಮೈಲ್ ಐಲ್ಯಾಂಡಿಗೆ ತಲುಪಲಿಲ್ಲ.

ಆಮೇಲೆ ಕವಾಟದ ಸ್ಥಿತಿಯನ್ನೇ ನೇರವಾಗಿ ತೋರಿಸುವ ಸಾಧನಗಳು ಬಂದವು, ಕಂಟ್ರೋಲ್ ರೂಮಿನ ವಿನ್ಯಾಸ ಬದಲಾಯಿತು, ಒಂದು ಸ್ಥಾವರದ ಅನುಭವ ಇನ್ನೊಂದಕ್ಕೆ ಮುಟ್ಟಿಸುವ ಸಂಸ್ಥೆಗಳು ಹುಟ್ಟಿದವು. ಒಂದೇ ಮಾಪಕವನ್ನು ನಂಬದೆ ಮೂರು ಇಟ್ಟು, ಅವುಗಳಲ್ಲಿ ಎರಡು ಹೇಳಿದ್ದನ್ನು ಖರೆ ಎಂದು ತಗೊಂಡು ರಿಯಾಕ್ಟರ್ ತಾನಾಗಿ ನಿಲ್ಲುವ ಪದ್ಧತಿ ನಮ್ಮ ಸ್ಥಾವರಗಳಲ್ಲೂ ಇದೆ.

ನಮ್ಮ ದೇಶಕ್ಕೆ ಕಠಿಣ ಪರೀಕ್ಷೆ ಎದುರಾದದ್ದು ಉತ್ತರ ಪ್ರದೇಶದ ನರೋರಾದಲ್ಲಿ, 1993ರ ಮಾರ್ಚ್ 31ರಂದು. ಟರ್ಬೈನಿನ ಎರಡು ಬ್ಲೇಡ್ ಮುರಿದು, ಇಡೀ ಯಂತ್ರ ನಡುಗಿ, ಜನರೇಟರ್ ತಂಪಾಗಿಡುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು. ಆದರೆ ನಿಂತ ರಿಯಾಕ್ಟರಿನಲ್ಲೂ ಕಾವು ಹುಟ್ಟುತ್ತಲೇ ಇರುತ್ತದೆ, ಅದಕ್ಕೆ ನೀರು ಬೇಕೇ ಬೇಕು. ಮುಖ್ಯ ಕೇಬಲ್ಲುಗಳ ಜೊತೆ ಬದಲಿ ವ್ಯವಸ್ಥೆಯ ಕೇಬಲ್ಲುಗಳೂ ಸುಟ್ಟಿದ್ದವು. ಕಂಟ್ರೋಲ್ ರೂಮಿಗೆ ಹೊಗೆ ನುಗ್ಗಿ ಸಿಬ್ಬಂದಿ ಹೊರಬರಬೇಕಾಯಿತು. ಸುಮಾರು 17 ತಾಸು ಸ್ಥಾವರಕ್ಕೇ ಕರೆಂಟು ಇಲ್ಲ! ಕೆಲವರು ಬ್ಯಾಟರಿ ಹಿಡಿದು ಕತ್ತಲಲ್ಲಿ ಮೇಲೆ ಹತ್ತಿ, ರಿಯಾಕ್ಟರ್ ಮತ್ತೆ ಚಾಲೂ ಆಗದಂತೆ ತಡೆಯುವ ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದಲೇ ತೆರೆದರು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ, ರಿಯಾಕ್ಟರಿನ ಕಾವಿನಿಂದ ಉಗಿ ಮಾಡುವ ಸ್ಟೀಮ್ ಜನರೇಟರುಗಳಿಗೆ ನೀರು ಕೊಟ್ಟರು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಅಂಥ ಧೈರ್ಯದ ಮೇಲೆಯೇ ಸ್ಥಾವರ ನಿಲ್ಲುವಂತಾಗಬಾರದು. ಮುಂದೆ ಬ್ಲೇಡಿನ ವಿನ್ಯಾಸ ತಿದ್ದಿದರು, ಕೇಬಲ್ಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ದರು.

ಕೈಗಾ ಆಗಿನ್ನೂ ಕಟ್ಟುವ ಹಂತದಲ್ಲಿತ್ತು. 1994ರ ಮೇ 13ರಂದು ಅದರ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಗುಮ್ಮಟದ ವಿನ್ಯಾಸ ಬದಲಿಸಿ ಮತ್ತೆ ಕಟ್ಟಿ, 2000ದಲ್ಲಿ ಆ ಘಟಕ ಚಾಲೂ ಆಯಿತು.

ಕೈಗಾದಂಥ 220 ಮೆಗಾವಾಟ್ ಭಾರಜಲ ರಿಯಾಕ್ಟರಿನಲ್ಲಿ ಇಂಧನ ಕೂರುವುದು 306 ಅಡ್ಡಕೊಳವೆಗಳಲ್ಲಿ. ಅವುಗಳೊಳಗೆ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಹರಿದು ಕಾವು ಒಯ್ಯುತ್ತದೆ. ಪ್ರತಿಯೊಂದರ ಸುತ್ತ ಇನ್ನೊಂದು ಕೊಳವೆ, ನಡುವಿನ ಸಂದಿಯಲ್ಲಿ ಇಂಗಾಲದ ಡೈಆಕ್ಸೈಡ್. ಒಳಕೊಳವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಈ ಅನಿಲಕ್ಕೆ ತೇವ ಸೇರುತ್ತದೆ, ಮಾಪಕ ಅದನ್ನು ಹಿಡಿಯುತ್ತದೆ. ಕೊಳವೆ ಒಡೆಯುವ ಮೊದಲೇ ರಿಯಾಕ್ಟರ್ ನಿಲ್ಲಿಸಬೇಕು ಎನ್ನುವುದು ಲೆಕ್ಕಾಚಾರ. ಕೆನಡಾದ ಪಿಕರಿಂಗ್‌ನಲ್ಲಿ 1983ರ ಆಗಸ್ಟ್‌ನಲ್ಲಿ ಅಂಥ ಕೊಳವೆಯೊಂದು ಮುನ್ಸೂಚನೆ ಇಲ್ಲದೆ ಸೀಳಿದ ಮೇಲೆ ಕೊಳವೆಯ ಲೋಹವನ್ನೇ ಬದಲಿಸಿದರು. ರಿಯಾಕ್ಟರ್ ನಿಂತಾಗ ಅಲ್ಟ್ರಾಸಾನಿಕ್ ತರಂಗ ಬಿಟ್ಟು ಕೊಳವೆಗಳ ಒಳಗನ್ನು ಪರೀಕ್ಷಿಸುವುದೂ ಉಂಟು; ರೈಲಿನ ಅಚ್ಚುಗಳ ಬಿರುಕು ಹುಡುಕುವುದೂ ಇದೇ ವಿದ್ಯೆಯಿಂದ.

ಆದರೂ ಗುಜರಾತಿನ ಕಾಕ್ರಾಪಾರದಲ್ಲಿ 2015ರ ಜುಲೈನಲ್ಲಿ ಎರಡನೇ ಘಟಕದ ಕೊಳವೆ ಸೋರಿತು. 2016ರ ಮಾರ್ಚ್ 11ರಂದು ಮೊದಲನೆಯದರದ್ದು. ರಿಯಾಕ್ಟರ್ ನಿಂತಿತು, ತುರ್ತು ತಂಪುನೀರು ಹರಿಯಿತು, ಅಲ್ಲಿಯವರೆಗೆ ವ್ಯವಸ್ಥೆ ತನ್ನ ಕೆಲಸ ಮಾಡಿತು. ತನಿಖೆಯಲ್ಲಿ ಕಂಡದ್ದು ಕೊಳವೆಯ ಹೊರಮೈ ಅಲ್ಲಲ್ಲಿ ಸವೆದಿದ್ದು: ಸೋರಿಕೆ ಕಾಯಲು ಬಿಟ್ಟ ಅನಿಲದಲ್ಲೇ ಕಲ್ಮಶವಿತ್ತು. ಮೊದಲ ಸೋರಿಕೆಗೂ ಎರಡನೆಯದಕ್ಕೂ ನಡುವೆ ಎಂಟು ತಿಂಗಳಿತ್ತು. ಎರಡೂ ಘಟಕಗಳ ಕೊಳವೆ ಬದಲಿಸಿ ಮತ್ತೆ ನಡೆಸಲು ವರ್ಷಗಳೇ ಹಿಡಿದವು.

ಆ ಎರಡನೇ ಸೋರಿಕೆಯಾಗಿ ಎರಡು ತಿಂಗಳಿಗೆ, 2016ರ ಮೇ 13ರಂದು, ಕೈಗಾದ ಮೊದಲ ಘಟಕ ಆಗಿನ ವಿಶ್ವದಾಖಲೆಯಾದ ತನ್ನ ಓಟ ಶುರು ಮಾಡಿತು: ಡಿಸೆಂಬರ್ 31, 2018ರವರೆಗೆ 962 ದಿನ, ಒಮ್ಮೆಯೂ ನಿಲ್ಲದೆ. ನಡೆಯುತ್ತಿರುವ ರಿಯಾಕ್ಟರಿನ ಕೊಳವೆಗಳಿಗೆ ಪರೀಕ್ಷಾ ಉಪಕರಣ ಇಳಿಸಲು ಬರುವುದಿಲ್ಲ. ಆ ಅಷ್ಟೂ ದಿನ ಕೊಳವೆಗಳ ಸೋರಿಕೆಯ ಸುದ್ದಿ ಹೇಳಲು ಇದ್ದದ್ದು ಮುಖ್ಯವಾಗಿ ಸಂದಿಯ ಅನಿಲ, ಅದರ ತೇವ ಅಳೆಯುವ ಮಾಪಕ.